ನೀರು ಉಗುರುಬೆಚ್ಚಗಿದೆ, ಫಲಕ ಮಾತ್ರ ‘ಹೀಟರ್ ಅತಿ ಬಿಸಿ’ ಎನ್ನುತ್ತಿದೆ: ಹಾಟ್ ಟಬ್ ತೊಂದರೆ

ಚಳಿನಾಡಿಗ (ಜನವರಿ, ಮಿನ್ನಿಸೋಟ):

ಮಿನ್ನಿಯಾಪೊಲಿಸ್ ಸಮೀಪದ ಉಪನಗರವೊಂದರಲ್ಲಿರುವ ನಮ್ಮ ಮನೆಯ ಹಿತ್ತಲಿನಲ್ಲಿ, ಎಂಟು ವರ್ಷ ಹಳೆಯದಾದ ಹಾಟ್ ಟಬ್, ಅಂದರೆ ಬಿಸಿನೀರಿನಲ್ಲಿ ಕೂರುವ ತೊಟ್ಟಿ, ಇದೆ. ಅದು ಸುಮಾರು 350 ಗ್ಯಾಲನ್, ಅಂದರೆ 1,300 ಲೀಟರಿನಷ್ಟು ನೀರು ಹಿಡಿಯುತ್ತದೆ. ದೀಪಾವಳಿಯ ನಂತರ ನೀರು ಮಂಕಾಗಿ, ನೀರು ಚಿಮ್ಮಿಸುವ ಜೆಟ್ ಹಾಕಿದರೆ ಸಾಕು ಹಾಲು ಉಕ್ಕಿದಂತೆ ನೊರೆ ಏಳುತ್ತಿದ್ದುದರಿಂದ, ಡಿಸೆಂಬರ್ ಕೊನೆಯಲ್ಲಿ ಚಳಿ ತುಸು ಇಳಿದ ದಿನ ನೋಡಿಕೊಂಡು ಎಲ್ಲವನ್ನೂ ಖಾಲಿ ಮಾಡಿ ಹೊಸ ನೀರು ತುಂಬಿಸಿದೆವು. ಅಂದಿನಿಂದ ಕಾಟ ಶುರುವಾಗಿದೆ. ಹೀಟರ್ ಹತ್ತಿದ ಎರಡು ಮೂರು ನಿಮಿಷದಲ್ಲಿ ಫಲಕದ ಮೇಲೆ ‘ಹರಿವು ಕಡಿಮೆ’ ಎಂಬ ಸಂದೇಶ ಬರುತ್ತದೆ. ಒಮ್ಮೊಮ್ಮೆ ಅದರ ಬದಲು ‘ಹೀಟರ್ ಅತಿ ಬಿಸಿ’ ಎಂದು ಬಂದು ಎಲ್ಲವೂ ನಿಂತುಹೋಗುತ್ತದೆ. ಆದರೆ ಕೈ ಅದ್ದಿ ನೋಡಿದರೆ ನೀರು ಬರೀ ಉಗುರುಬೆಚ್ಚಗಿದೆ. ಬೇರೆ ಥರ್ಮಾಮೀಟರ್ ಇಟ್ಟು ನೋಡಿದಾಗಲೂ 81 ಡಿಗ್ರಿ ಫ್ಯಾರನ್‌ಹೀಟ್ ದಾಟಿರಲಿಲ್ಲ.

ಕರೆಸಿದ ತಂತ್ರಜ್ಞರು ಮೊದಲು ಹೀಟರ್ ಕೆಟ್ಟಿದೆ ಎಂದು ಹೊಸದನ್ನು ಹಾಕಿದರು. ಅದೇ ಸಂದೇಶ ಮತ್ತೆ ಬಂದಾಗ, ಸರ್ಕ್ಯೂಟ್ ಬೋರ್ಡನ್ನೇ ಬದಲಿಸಬೇಕು ಎಂದು ಹೇಳಿ ಹೋಗಿದ್ದಾರೆ. ಬೋರ್ಡಿಗೆ ಹಣ ಸುರಿಯುವ ಮುನ್ನ ಬಲ್ಲವರ ಮಾತು ಕೇಳೋಣವೆಂದು ಬರೆಯುತ್ತಿದ್ದೇನೆ. ಬೆಚ್ಚಗೂ ಆಗದ ನೀರನ್ನು ಯಂತ್ರವು ಅತಿ ಬಿಸಿ ಎನ್ನುವುದಾದರೆ ಸುಳ್ಳು ಹೇಳುತ್ತಿರುವುದು ಸೆನ್ಸರೋ, ಬೋರ್ಡೋ?

ಪಂಪ್‌ಸೆಟ್ (ಮಿಷಿಗನ್):

ಎರಡೂ ಸುಳ್ಳು ಹೇಳುತ್ತಿಲ್ಲ ಎಂಬುದು ನನ್ನ ಅಂದಾಜು. ಟಬ್ಬಿನ ನೀರು ಬೇರೆ, ಹೀಟರ್ ಕೊಳವೆಯೊಳಗಿನ ನೀರು ಬೇರೆ. ನಿಮ್ಮ ಕೈ ಮುಟ್ಟುತ್ತಿರುವುದು ಮೊದಲನೆಯದನ್ನು, ಸೆನ್ಸರ್ ಮುಟ್ಟುತ್ತಿರುವುದು ಎರಡನೆಯದನ್ನು.

ಈಗಿನ ಬಹುಪಾಲು ಟಬ್ಬುಗಳಲ್ಲಿ ಹೀಟರ್ ಎಂದರೆ ಮೊಣಕೈ ಉದ್ದದ ಒಂದು ಸ್ಟೀಲ್ ಕೊಳವೆ ಮತ್ತು ಅದರೊಳಗೊಂದು ಕಾಯಿಲ್, ಅಷ್ಟೇ. ನನಗೆ ಪರಿಚಯವಿರುವ ಬಾಲ್ಬೋವಾ ಕಂಪನಿಯ ನಿಯಂತ್ರಕಗಳಲ್ಲಿ ಹಲವಕ್ಕೆ ಹರಿವನ್ನು ಅಳೆಯುವ ಪ್ರತ್ಯೇಕ ಸ್ವಿಚ್ ಇರುವುದೇ ಇಲ್ಲ. ಆ ಕೊಳವೆಯಲ್ಲಿ ಕೂಡಿಸಿರುವ ಎರಡು ತಾಪ ಸೆನ್ಸರ್‌ಗಳ ನಡುವಿನ ವ್ಯತ್ಯಾಸವನ್ನು ನೋಡಿಯೇ ನೀರು ಹರಿಯುತ್ತಿದೆಯೋ ಇಲ್ಲವೋ ಎಂದು ಅವು ತೀರ್ಮಾನಿಸುತ್ತವೆ. ಟಬ್ಬಿನ ನೀರೇ 110 ಡಿಗ್ರಿ ಫ್ಯಾರನ್‌ಹೀಟ್ ತಲುಪಿದರೆ ಒಂದು ಸಂದೇಶ. ಹೀಟರಿನೊಳಗಿನ ಯಾವುದೇ ಸೆನ್ಸರ್ 118 ಡಿಗ್ರಿ ಮುಟ್ಟಿದರೆ ಇನ್ನೊಂದು ಸಂದೇಶ. ನಿಮ್ಮದು ಬೇರೆ ತಯಾರಿಕೆಯದಾದರೆ ಸಂಖ್ಯೆಗಳು ತುಸು ಆಚೀಚೆಯಾಗಬಹುದು, ಕ್ರಮ ಮಾತ್ರ ಇದೇ.

ಒಂದು ಲೆಕ್ಕ ಹಾಕಿ ನೋಡಿ. 5.5 ಕಿಲೋವ್ಯಾಟ್ ಹೀಟರಿನ ಮೂಲಕ ನಿಮಿಷಕ್ಕೆ 95 ಲೀಟರ್ ನೀರು ಹಾದುಹೋದರೆ, ಹೊರಬರುವ ನೀರಿನ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಕೂಡ ಏರಿರುವುದಿಲ್ಲ. ಅದೇ ಹರಿವು ನಿಮಿಷಕ್ಕೆ 2 ಲೀಟರಿಗೆ ಇಳಿದರೆ ಏರಿಕೆ 39 ಡಿಗ್ರಿ ಆಗುತ್ತದೆ. ಹರಿವು ಪೂರ್ತಿ ನಿಂತರೆ, ಕೊಳವೆಯಲ್ಲಿ ಉಳಿದ ಒಂದು ಲೀಟರಿನಷ್ಟು ನೀರು ಪ್ರತಿ ಸೆಕೆಂಡಿಗೆ ಒಂದು ಡಿಗ್ರಿಗೂ ಹೆಚ್ಚು ಕಾಯುತ್ತದೆ. ಹಾಗಾಗಿ ‘ಹರಿವು ಕಡಿಮೆ’ ಮತ್ತು ‘ಅತಿ ಬಿಸಿ’ ಎಂಬ ಎರಡು ಸಂದೇಶಗಳು ನಿಮ್ಮ ವಿಷಯದಲ್ಲಿ ಒಂದೇ ರೋಗದ ಎರಡು ಹೆಸರುಗಳು: ಹುಟ್ಟಿದ ಬಿಸಿಯನ್ನು ಹೊತ್ತೊಯ್ಯಲು ನೀರು ಬರುತ್ತಿಲ್ಲ.

ಬೋರ್ಡಿನ ಮಾತು ಸದ್ಯಕ್ಕೆ ಬಿಡಿ. ಫಿಲ್ಟರನ್ನು ಹೊರತೆಗೆದು, ಹಾಗೆಯೇ ಅರ್ಧ ಗಂಟೆ ಓಡಿಸಿ ನೋಡಿ. ನೀರಿನ ಮಟ್ಟ ಸ್ಕಿಮ್ಮರ್ (ಮೇಲಿನ ನೀರನ್ನು ಫಿಲ್ಟರಿಗೆ ಎಳೆಯುವ ಕಿಂಡಿ) ಬಾಯಿಗಿಂತ ಮೇಲಿದೆಯೇ, ಪಂಪಿನ ಎರಡೂ ಬದಿಯ ಕವಾಟಗಳ ಹಿಡಿಗಳು ಪೂರ್ತಿ ಮೇಲಕ್ಕೆ ಎಳೆದ ಸ್ಥಿತಿಯಲ್ಲಿವೆಯೇ ಎಂಬುದನ್ನೂ ಗಮನಿಸಿ.

ಓಮ್‌ನಿಯಮ (ಒಂಟಾರಿಯೊ):

ಹಳೆಯ ಹೀಟರನ್ನು ಎಸೆದಿಲ್ಲವಾದರೆ ಮಲ್ಟಿಮೀಟರ್ ಹಿಡಿದು ಅದರ ಎರಡು ತುದಿಗಳ ನಡುವಿನ ರೋಧವನ್ನು ಅಳೆಯಿರಿ. 240 ವೋಲ್ಟಿನ 5.5 ಕಿಲೋವ್ಯಾಟ್ ಕಾಯಿಲ್ ಸರಿಯಾಗಿದ್ದರೆ ಸುಮಾರು 10.5 ಓಮ್ ತೋರಿಸಬೇಕು. 4 ಕಿಲೋವ್ಯಾಟಿನದಾದರೆ 14.4. ಒಂದು ತುದಿ ಮತ್ತು ಸ್ಟೀಲ್ ಕೊಳವೆಯ ನಡುವೆ ಸಂಪರ್ಕವೇ ಕಾಣಬಾರದು. ಕೆಟ್ಟ ಕಾಯಿಲ್ ಸಾಮಾನ್ಯವಾಗಿ ಬ್ರೇಕರನ್ನು ಬೀಳಿಸುತ್ತದೆ ಅಥವಾ ನೀರನ್ನು ಕಾಯಿಸುವುದನ್ನೇ ಬಿಡುತ್ತದೆ. ‘ಅತಿ ಬಿಸಿ’ ಎಂಬ ಸಂದೇಶಕ್ಕೆ ಕಾರಣವಾಗಬೇಕಾದರೆ ಅದು ಬಿಸಿಯಾಗಲೇಬೇಕಲ್ಲ! ಅದನ್ನು ಬದಲಿಸಿದವರು ಯಾವ ತರ್ಕದಿಂದ ಬದಲಿಸಿದರೋ ನನಗೆ ಅರ್ಥವಾಗಲಿಲ್ಲ.

ಇನ್ನೊಂದು ಮಾತು, ಇದು ದೋಷ ಹುಡುಕುವುದಕ್ಕಿಂತ ತುರ್ತಿನದು. ಮಿನ್ನಿಸೋಟದ ಜನವರಿಯಲ್ಲಿ ಪಂಪ್ ನಿಂತು ನೀರು ಆಡದೆ ಹೋದರೆ, ಟಬ್ಬಿನ ನೀರು ಬೆಚ್ಚಗಿರುವಾಗಲೇ ಬೆರಳು ಗಾತ್ರದ ಸಣ್ಣ ಕೊಳವೆಗಳು ಹೆಪ್ಪುಗಟ್ಟಿ ಸೀಳಬಹುದು. ಹೀಟರ್ ಕೆಲಸ ಮಾಡದಿದ್ದರೂ ಪಂಪ್ ಓಡುತ್ತಿರಲಿ, ಮುಚ್ಚಳ ಭದ್ರವಾಗಿರಲಿ. ಯಂತ್ರಗಳಿರುವ ಗೂಡಿನೊಳಗೆ ಒಂದು ಸಣ್ಣ ವಿದ್ಯುತ್ ಹೀಟರನ್ನು, ಏನನ್ನೂ ತಾಗದಂತೆ, ನೆಲ ಒಣಗಿದ್ದರೆ ಮಾತ್ರ ಇಡಿ. ಒಳಗೆ ಕೈ ಹಾಕುವ ಮೊದಲು ಬ್ರೇಕರ್ ಇಳಿಸಲೇಬೇಕು. ಅಮೆರಿಕದ ವಿದ್ಯುತ್ ನಿಯಮದ ಪ್ರಕಾರ ಟಬ್ಬಿನಿಂದ ಕನಿಷ್ಠ 5 ಅಡಿ ದೂರದಲ್ಲಿ, ಕಣ್ಣಿಗೆ ಕಾಣುವ ಜಾಗದಲ್ಲಿ ಒಂದು ಸ್ವಿಚ್ ಪೆಟ್ಟಿಗೆ ಇರಬೇಕು. ಅದನ್ನು ಕೊಟ್ಟಿರುವುದೇ ಇದಕ್ಕಾಗಿ.

ದಿಢೀರ್ (ನ್ಯೂಜೆರ್ಸಿ):

ಇಷ್ಟೆಲ್ಲ ರಾಮಾಯಣ ಬೇಕಿಲ್ಲ. ನಮ್ಮ ಹಳೆಯ ಟಬ್ಬಿನಲ್ಲಿ ಹೀಗೆಯೇ ಆದಾಗ, ಹರಿವಿನ ಸ್ವಿಚ್ಚಿಗೆ ಹೋಗುವ ಎರಡು ತಂತಿಗಳನ್ನು ಕಿತ್ತು ಒಂದಕ್ಕೊಂದು ಜೋಡಿಸಿಬಿಟ್ಟೆ. ಸಂದೇಶ ಅಂದಿನಿಂದ ಬಂದಿಲ್ಲ, ನೀರೂ ಕಾಯುತ್ತಿದೆ.

ಪಂಪ್‌ಸೆಟ್:

ದಿಢೀರ್ ಅವರೇ, ದಯವಿಟ್ಟು ಇಂದೇ ಆ ತಂತಿಗಳನ್ನು ಬಿಡಿಸಿ. ಆ ಸ್ವಿಚ್ ಕೆಟ್ಟಿದೆಯೋ ಇಲ್ಲವೋ ತಿಳಿಯಲು ಒಂದು ಸುಲಭ ದಾರಿಯಿದೆ. ಪಂಪ್ ನಿಂತಿರುವಾಗ ಅದರ ಸಂಪರ್ಕ ತೆರೆದಿರಬೇಕು, ಪಂಪ್ ಓಡುವಾಗ ಕೂಡಿಕೊಳ್ಳಬೇಕು. ನಿಂತಾಗಲೂ ಕೂಡಿಕೊಂಡಿದ್ದರೆ ಅಂಟಿಕೊಂಡಿದೆ; ಓಡುವಾಗಲೂ ಕೂಡದಿದ್ದರೆ, ಸ್ವಿಚ್ ಕೆಟ್ಟಿರಬಹುದು ಅಥವಾ ನೀರು ನಿಜಕ್ಕೂ ಬರುತ್ತಿಲ್ಲದಿರಬಹುದು. ನೀವು ಈ ಎರಡನೆಯದರ ಬಾಯಿ ಕಟ್ಟಿದ್ದೀರಿ. ನೀರಿಲ್ಲದೆ ಕಾಯಿಲ್ ಉರಿದರೆ ಕೊಳವೆಯ ಎರಡೂ ತುದಿಯ ಪ್ಲಾಸ್ಟಿಕ್ ಜೋಡಣೆಗಳು ಮೆತ್ತಗಾಗಿ ಕರಗುತ್ತವೆ. ಅದು ಕೇವಲ ಹಣದ ನಷ್ಟ. ಮನುಷ್ಯರ ಲೆಕ್ಕ ಬೇರೆ. ಸುಮಾರು 110 ಡಿಗ್ರಿ ಫ್ಯಾರನ್‌ಹೀಟಿನಷ್ಟು ಬಿಸಿನೀರಿನಲ್ಲಿ ಕುಳಿತು ಹಲವರು ಸತ್ತ ಮೇಲೆಯೇ, 1987ರಲ್ಲಿ, ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಮುಂದೆ ನಿಂತು 104 ಡಿಗ್ರಿಯ ಮಿತಿಯನ್ನು ಮಾನದಂಡವಾಗಿ ತರಿಸಿದ್ದು. ನಮ್ಮ ಬಚ್ಚಲಿನಲ್ಲಿ ಹಂಡೆಯ ನೀರು ಸುಟ್ಟರೆ ಅಯ್ಯೋ ಎಂದು ತಣ್ಣೀರು ಬೆರೆಸಿಕೊಳ್ಳುತ್ತೇವೆ. ಟಬ್ಬಿನಲ್ಲಿ ಕುಳಿತವರಿಗೆ ಮೊದಲು ಮಂಪರು ಹತ್ತುತ್ತದೆ. ಸುಡುತ್ತಿದೆ ಎಂದು ಅನ್ನಿಸುವುದೇ ಇಲ್ಲ.

ಚಳಿನಾಡಿಗ:

ಎಲ್ಲರಿಗೂ ಧನ್ಯವಾದಗಳು. ಗ್ಯಾರೇಜಿನಲ್ಲಿದ್ದ ಹಳೆಯ ಹೀಟರ್ 10.6 ಓಮ್ ತೋರಿಸಿತು; ಕೊಳವೆಗೂ ತುದಿಗೂ ಸಂಪರ್ಕವಿಲ್ಲ. ಕಾಯಿಲ್ ಮೇಲೆ ಬೆಂಗಳೂರಿನ ಬೋರ್‌ವೆಲ್ ನೀರು ಕಂಡ ಗೀಸರಿನಂತೆ ತೆಳ್ಳಗೆ ಬಿಳಿ ಹಕ್ಕಳೆ ಕಟ್ಟಿತ್ತು, ಅಷ್ಟೇ. ಅಂದರೆ ಅದು ಸುಸ್ಥಿತಿಯಲ್ಲೇ ಇತ್ತು.

ಫಿಲ್ಟರ್ ತೆಗೆದ ಮೇಲೆ ಮೂರು ನಿಮಿಷಕ್ಕೆ ಬರುತ್ತಿದ್ದ ಸಂದೇಶ ಇಪ್ಪತ್ತು ನಿಮಿಷವಾದರೂ ಬರಲಿಲ್ಲ, ಆಮೇಲೆ ಬಂತು. ಇದಕ್ಕಿಂತ ವಿಚಿತ್ರವಾದುದು ಫಿಲ್ಟರಿನದೇ ಕಥೆ. ಅದನ್ನು ಹೋಸ್ ಹಿಡಿದು ತೊಳೆದಿದ್ದೆ, ನೋಡಲು ಸ್ವಚ್ಛವಾಗಿಯೇ ಇತ್ತು. ಮೈನಸ್ 14 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಡೆಕ್ಕಿನ ಹಲಗೆಯ ಮೇಲೆ ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ, ನೀರು ಹಿಮವಾಗಿದ್ದ ಕಡೆ ಹರಳಿನಂತೆ ಹೊಳೆಯುತ್ತಿತ್ತು. ಮಡಿಕೆಗಳ ಸಂದಿನಲ್ಲಿ ಮಾತ್ರ ಹೊಳಪಿಲ್ಲದ ಬಿಳಿ ಮೇಣದಂಥ ಪದರವೊಂದು ಎದ್ದು ಕಾಣುತ್ತಿತ್ತು. ಉಗುರಿನಿಂದ ಕೆರೆದು ಬೆರಳಿನಲ್ಲಿ ತಿಕ್ಕಿದಾಗ ಅದು ಕರಗಿ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಆಗ ಜ್ಞಾಪಕವಾಯಿತು: ಶಿವಮೊಗ್ಗದಿಂದ ಬಂದಿದ್ದ ಅತ್ತೆ ಮಾವ ನರಕ ಚತುರ್ದಶಿಯ ಬೆಳಗ್ಗೆ ಮನೆಮಂದಿಗೆಲ್ಲ ಸಂಪ್ರದಾಯದಂತೆ ಎಣ್ಣೆ ಹಚ್ಚಿದ್ದರು, ಬಿಸಿನೀರು ಇಲ್ಲೇ ಧಾರಾಳವಾಗಿರುವಾಗ ಬಚ್ಚಲೇಕೆ ಎಂದು ಮಕ್ಕಳೂ ಮೊಮ್ಮಕ್ಕಳೂ ಸೇರಿ ಆರು ಜನ ನೇರವಾಗಿ ಟಬ್ಬಿಗೇ ಇಳಿದಿದ್ದೆವು.

ಪಂಪ್‌ಸೆಟ್:

ಹದಿನೈದು ವರ್ಷ ಈಜುಕೊಳಗಳ ದುರಸ್ತಿ ಮಾಡಿದ್ದೇನೆ, ಅಭ್ಯಂಜನದಿಂದ ಹೀಟರ್ ನಿಂತದ್ದನ್ನು ಇದೇ ಮೊದಲು ಕೇಳುತ್ತಿರುವುದು. ಆದರೆ ಸನ್‌ಸ್ಕ್ರೀನ್ ಹಚ್ಚಿಕೊಂಡು ಇಳಿಯುವವರ ಫಿಲ್ಟರುಗಳು ಆಗುವುದೂ ಹೀಗೆಯೇ. ಎಣ್ಣೆ ಬಟ್ಟೆಯ ಎಳೆಗಳ ನಡುವೆ ಕೂರುತ್ತದೆ. ಹೋಸ್ ನೀರು ಮೇಲಿನ ಕಸವನ್ನು ಒಯ್ಯುತ್ತದೆ, ಎಣ್ಣೆಯನ್ನು ಅಲುಗಿಸುವುದಿಲ್ಲ. ಜಿಡ್ಡು ಬಿಡಿಸುವ ಫಿಲ್ಟರ್ ದ್ರಾವಣದಲ್ಲಿ, ಅಥವಾ ಹಳಬರು ಬಳಸುತ್ತಿದ್ದ ಟ್ರೈಸೋಡಿಯಂ ಫಾಸ್ಫೇಟ್ ನೀರಿನಲ್ಲಿ, ಮನೆಯೊಳಗೆ ರಾತ್ರಿಯಿಡೀ ನೆನೆಸಿ ಚೆನ್ನಾಗಿ ಜಾಲಿಸಿ. ಬಿಳಿ ಹಕ್ಕಳೆ ಬಿಡಿಸಲು ಆಮ್ಲ ಬೇಕಾದರೆ ಎಣ್ಣೆ ಹೋದ ಮೇಲೆಯೇ ಬಳಸಿ, ಏಕೆಂದರೆ ಆಮ್ಲ ಮೊದಲು ಬಿದ್ದರೆ ಎಣ್ಣೆ ಬಟ್ಟೆಗೇ ಕಚ್ಚಿಕೊಂಡುಬಿಡುತ್ತದೆ. ಪಾತ್ರೆ ತೊಳೆಯುವ ಸಾಬೂನು ಬೇಡವೇ ಬೇಡ, ನೊರೆ ವಾರಗಟ್ಟಲೆ ಹೋಗುವುದಿಲ್ಲ.

ಇನ್ನು ಇಪ್ಪತ್ತು ನಿಮಿಷದ ನಂತರವೂ ಸಂದೇಶ ಬಂತು ಎಂದಿರಿ. ಫಿಲ್ಟರ್ ಒಂದೇ ಕಾರಣವಾಗಿದ್ದರೆ ಅದು ಬರಬಾರದಿತ್ತು. ನೀರು ಬದಲಿಸಿದ ಮೇಲೆ ಶುರುವಾದ ತೊಂದರೆಯಾದ್ದರಿಂದ ಗಾಳಿ ಹಿಡಿದಿದೆ ಎಂದು ಹೇಳುತ್ತೇನೆ. ಮಂಡ್ಯದ ಕಡೆ ಗದ್ದೆಯ ಪಂಪ್‌ಸೆಟ್ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಫೂಟ್‌ವಾಲ್ವ್ ಸೋರಿ ಒಳಗೆ ಗಾಳಿ ಸೇರಿದರೆ ಮೋಟಾರು ಸೊಂಯ್ ಎಂದು ತಿರುಗುತ್ತಲೇ ಇರುತ್ತದೆ, ನೀರು ಮಾತ್ರ ಏರುವುದಿಲ್ಲ. ಬಿಂದಿಗೆಯಲ್ಲಿ ನೀರು ಸುರಿದು ಗಾಳಿ ಹೊರಡಿಸಿದ ಮೇಲೆಯೇ ಅದು ಎತ್ತುವುದು. ಪಂಪಿನೊಳಗೆ ತಿರುಗುವ ಎಸಳುಚಕ್ರ, ಅಂದರೆ ಇಂಪೆಲ್ಲರ್, ಎಸೆಯಬಲ್ಲದ್ದು ನೀರನ್ನು, ಗಾಳಿಯನ್ನಲ್ಲ. ನಿಮ್ಮ ಟಬ್ಬಿನಲ್ಲಿಯೂ ಬ್ರೇಕರ್ ಇಳಿಸಿ, ಪಂಪಿನ ಹೊರಹರಿವಿನ ಬದಿಯಲ್ಲಿ ಕೊಳವೆಯನ್ನು ಪಂಪಿಗೆ ಜೋಡಿಸುವ ಯೂನಿಯನ್ ತಿರುಪನ್ನು ಕೈಯಿಂದ ಕಾಲು ಸುತ್ತು ಮಾತ್ರ ಸಡಿಲಿಸಿ. ಗಾಳಿ ಬುಸುಗುಟ್ಟುತ್ತಾ ಹೊರಟು, ಆಮೇಲೆ ನೀರು ತೊಟ್ಟಿಕ್ಕತೊಡಗಿದಾಗ, ಒಳಗಿನ ರಬ್ಬರ್ ಉಂಗುರ ಜಾಗ ಬಿಟ್ಟಿಲ್ಲವೆಂದು ನೋಡಿಕೊಂಡು ಬಿಗಿಗೊಳಿಸಿ. ಮುಂದಿನ ಸಲ ನೀರು ತುಂಬುವಾಗ ಹೋಸಿನ ತುದಿಯನ್ನು ಟಬ್ಬಿಗೆ ಬಿಡದೆ, ಫಿಲ್ಟರ್ ಕೂರುವ ಕೊಳವೆಯ ಬಾಯಿಗೆ ಇಳಿಸಿದರೆ ನೀರು ಕೆಳಗಿನಿಂದ ಏರುತ್ತಾ ಗಾಳಿಯನ್ನು ತಾನೇ ತಳ್ಳಿಕೊಂಡು ಬರುತ್ತದೆ.

ಚಳಿನಾಡಿಗ (ಐದು ದಿನಗಳ ನಂತರ):

ಯೂನಿಯನ್ ಸಡಿಲಿಸಿದಾಗ ಹತ್ತು ಸೆಕೆಂಡಿನಷ್ಟು ಕಾಲ ಗಾಳಿ ಹೊರಟಿತು. ಎಣ್ಣೆ ಬಿಟ್ಟ ಫಿಲ್ಟರ್ ಹಾಕಿ ಚಾಲೂ ಮಾಡಿದ ಮೇಲೆ ನೀರು ಗಂಟೆಗೆ ಐದಾರು ಡಿಗ್ರಿಯಂತೆ ಏರಿ ಅದೇ ರಾತ್ರಿ 102 ತಲುಪಿತು. ನಾಲ್ಕು ದಿನ ಯಾವ ತಕರಾರೂ ಇರಲಿಲ್ಲ. ನಿನ್ನೆಯಿಂದ ‘ಹರಿವು ಕಡಿಮೆ’ ಮತ್ತೆ ಬಂದಿದೆ. ಆದರೆ ಈ ಸಲ ಒಂದು ವ್ಯತ್ಯಾಸವಿದೆ: ಪಂಪ್ ನಿಧಾನ ವೇಗದಲ್ಲಿರುವಾಗ ಮಾತ್ರ ಬರುತ್ತದೆ, ಜೆಟ್ ಹಾಕಿ ಜೋರು ವೇಗಕ್ಕೆ ತಂದರೆ ಬರುವುದಿಲ್ಲ. ಪಂಪಿನಲ್ಲಿ ಸಣ್ಣ ಜಲ್ಲಿ ಉರುಳಿದಂಥ ಸದ್ದೂ ಇದೆ.

ಪಂಪ್‌ಸೆಟ್:

ಜಲ್ಲಿಯ ಸದ್ದೆಂದರೆ ಪಂಪಿಗೆ ಬೇಕಾದಷ್ಟು ನೀರು ಎಳೆಯುವ ಕಡೆಯಿಂದ ಸಿಗುತ್ತಿಲ್ಲ. ನಾಚಿಕೆಯಾಗುತ್ತದೆ, ಆದರೂ ಹೇಳಬೇಕು: ಫಿಲ್ಟರ್ ತೆಗೆದು ಅರ್ಧ ಗಂಟೆ ಓಡಿಸಿ ಎಂದವನು ನಾನೇ, ಅದಕ್ಕೆ ಮೊದಲು ನೀರಿನಲ್ಲಿ ತೇಲುವ ಕಸವನ್ನೆಲ್ಲ ಬಲೆ ಹಾಕಿ ತೆಗೆಯಿರಿ ಎಂದು ಹೇಳಲು ಮರೆತೆ. ಫಿಲ್ಟರ್ ಇಲ್ಲದ ಹೊತ್ತಿನಲ್ಲಿ ಏನೋ ಒಳಗೆ ಹೋಗಿ ಇಂಪೆಲ್ಲರಿನ ಬಾಯಲ್ಲಿ ಕೂತಿರಬೇಕು. ಬ್ರೇಕರ್ ಇಳಿಸಿ, ಎರಡೂ ಕವಾಟ ಮುಚ್ಚಿ, ಮುಂಬದಿಯ ಯೂನಿಯನ್ ಬಿಚ್ಚಿ ಬೆರಳು ಹಾಕಿ ನೋಡಿ. ಇದೇ ಸಂದರ್ಭದಲ್ಲಿ ಇನ್ನೊಂದು ಎಚ್ಚರಿಕೆ: ಕಾಲಿನ ಬಳಿ ನೀರು ಎಳೆಯುವ ಜಾಲರಿ ಮುಚ್ಚಳಗಳನ್ನು ಪರೀಕ್ಷೆಗೆಂದು ಬಿಚ್ಚಿ, ಹಾಗೆಯೇ ಟಬ್ಬನ್ನು ಯಾರೂ ಓಡಿಸಬಾರದು. ಹೀರುವ ಬಾಯಿಗೆ ಮಗುವೊಂದು ಸಿಕ್ಕಿಬಿದ್ದು ಪ್ರಾಣ ಕಳೆದುಕೊಂಡ ಘಟನೆಯಿಂದಲೇ ಅಮೆರಿಕದಲ್ಲಿ 2007ರಲ್ಲಿ ಆ ಮುಚ್ಚಳಗಳಿಗೆಂದೇ ಒಂದು ಒಕ್ಕೂಟ ಕಾಯ್ದೆ ಬಂದಿದೆ.

ಚಳಿನಾಡಿಗ:

ಸಿಕ್ಕಿತು. ಮಗಳ ತಲೆಗೂದಲಿಗೆ ಹಾಕುವ ನೇರಳೆ ಬಣ್ಣದ ರಬ್ಬರ್ ಬ್ಯಾಂಡ್. ಇಂಪೆಲ್ಲರಿನ ಎರಡು ಎಸಳುಗಳ ನಡುವೆ ಎಂಟರ ಆಕಾರದಲ್ಲಿ ತಿರುಚಿಕೊಂಡಿತ್ತು, ಅದಕ್ಕೆ ಪೈನ್ ಮರದ ಸೂಜಿ ಎಲೆಗಳು ಗೂಡಿನಂತೆ ಹೆಣೆದುಕೊಂಡಿದ್ದವು. ಇಕ್ಕಳದಲ್ಲಿ ಎಳೆದು ತೆಗೆದೆ. ಜೋರು ವೇಗದಲ್ಲಿ ಆ ಅಡ್ಡಿಯನ್ನು ಮೀರಿಯೂ ಸಾಕಷ್ಟು ನೀರು ನುಗ್ಗುತ್ತಿತ್ತು, ನಿಧಾನ ವೇಗದಲ್ಲಿ ಇಲ್ಲ ಎಂಬುದು ಈಗ ಅರ್ಥವಾಗುತ್ತಿದೆ. ಬೋರ್ಡ್ ಹಳೆಯದೇ ಇದೆ, ಹತ್ತು ದಿನಗಳಿಂದ ನೀರು 102ರಲ್ಲಿ ನಿಂತಿದೆ.

ಬಿಸಿಲೂರು (ಜುಲೈ, ಆಸ್ಟಿನ್):

ಆರು ತಿಂಗಳ ಹಳೆಯ ಚರ್ಚೆಯನ್ನು ಮತ್ತೆ ತೆರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ನನ್ನದು ಚಳಿನಾಡಿಗರ ತೊಂದರೆಯ ತದ್ವಿರುದ್ಧ. 98 ಡಿಗ್ರಿಗೆ ಇಟ್ಟಿದ್ದರೂ ನೀರು 107 ತೋರಿಸುತ್ತಿದೆ, ಕಳೆದ ಭಾನುವಾರ ಮಧ್ಯಾಹ್ನ 110 ಮುಟ್ಟಿ ಎಲ್ಲವೂ ತಾನಾಗಿಯೇ ನಿಂತಿತು. ಹರಿವು ಸೊಗಸಾಗಿದೆ, ಫಿಲ್ಟರ್ ಹೊಸದು, ಹೀಟರ್ ದೀಪ ಹತ್ತುವುದೇ ಇಲ್ಲ. ರಿಲೇ (ಹೀಟರಿಗೆ ವಿದ್ಯುತ್ ಕೊಟ್ಟು ನಿಲ್ಲಿಸುವ, ಬೋರ್ಡಿನ ಮೇಲಿನ ಸ್ವಿಚ್) ಅಂಟಿಕೊಂಡಿದೆ, ಬೋರ್ಡ್ ಬದಲಿಸಿ ಎಂದು ಒಬ್ಬರು, ಬೇಸಿಗೆಯಲ್ಲಿ ಎಲ್ಲ ಟಬ್ಬುಗಳೂ ಹೀಗೆಯೇ ಎಂದು ಇನ್ನೊಬ್ಬರು ಹೇಳುತ್ತಾರೆ.

ಓಮ್‌ನಿಯಮ:

ಇಬ್ಬರ ಮಾತೂ ಸಾಧ್ಯವಿದೆ, ಯಾವುದು ನಿಜವೆಂದು ಒಂದೇ ಒಂದು ಪೆಟ್ಟಿಗೆಯನ್ನೂ ಬಿಚ್ಚದೆ ತಿಳಿಯಬಹುದು. ಬೇಕಾದದ್ದು ಒಂದು ಬೇರೆ ಥರ್ಮಾಮೀಟರ್, ಒಂದು ಗಡಿಯಾರ.

ರಿಲೇಯ ಸಂಪರ್ಕಗಳು ಬೆಸೆದುಕೊಂಡಿದ್ದರೆ ದೀಪ ಆರಿದ್ದರೂ 5.5 ಕಿಲೋವ್ಯಾಟ್ ನೀರಿಗೆ ಸುರಿಯುತ್ತಲೇ ಇರುತ್ತದೆ. ಅಷ್ಟು ಶಕ್ತಿ 1,300 ಲೀಟರ್ ನೀರನ್ನು ಗಂಟೆಗೆ ಸುಮಾರು ಆರು ಡಿಗ್ರಿ ಫ್ಯಾರನ್‌ಹೀಟ್ ಏರಿಸುತ್ತದೆ. ನಿಧಾನ ವೇಗದ ಪಂಪ್ 300 ವ್ಯಾಟ್ ತಿನ್ನುತ್ತದೆ ಎಂದುಕೊಳ್ಳೋಣ. ಅದರ ಬಿಸಿಯೆಲ್ಲ ನೀರಿಗೇ ಸೇರಿದರೂ ಏರಿಕೆ ಗಂಟೆಗೆ ಅರ್ಧ ಡಿಗ್ರಿಯನ್ನು ಮುಟ್ಟುವುದಿಲ್ಲ. ಎರಡರ ನಡುವೆ ಹದಿನೈದು ಪಟ್ಟಿಗೂ ಮೀರಿದ ಅಂತರವಿರುವುದರಿಂದ ಗೊಂದಲಕ್ಕೆ ಅವಕಾಶವೇ ಇಲ್ಲ. ಮುಚ್ಚಳ ಹಾಕಿ, ಪಂಪ್ ಓಡುತ್ತಿರುವಾಗ, ಗಂಟೆಗೊಮ್ಮೆ ಮೂರು ಸಲ ಅಳೆದು ಬರೆಯಿರಿ. ಮೊದಲ ಗಂಟೆಯಲ್ಲೇ ಐದಾರು ಡಿಗ್ರಿ ಏರಿದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ, ಬ್ರೇಕರ್ ಇಳಿಸಿ, ದುರಸ್ತಿಯಾಗುವವರೆಗೆ ಯಾರೂ ನೀರಿಗೆ ಇಳಿಯದಂತೆ ನೋಡಿಕೊಳ್ಳಿ. ಫಲಕ ತೋರಿಸುವ ಅಂಕಿಗೂ ನಿಮ್ಮ ಥರ್ಮಾಮೀಟರಿಗೂ ಮೂರು ನಾಲ್ಕು ಡಿಗ್ರಿ ವ್ಯತ್ಯಾಸ ಕಂಡರೆ ಮಾತ್ರ ಸೆನ್ಸರನ್ನು ಅನುಮಾನಿಸಿ.

ಬಿಸಿಲೂರು:

ಸಂಜೆ 5ಕ್ಕೆ 103.6, ಆರಕ್ಕೆ 104.0, ಏಳಕ್ಕೆ 104.3, ಎಂಟಕ್ಕೆ 104.7. ಫಲಕವೂ ಹೆಚ್ಚುಕಡಿಮೆ ಅದನ್ನೇ ತೋರಿಸುತ್ತಿದೆ. ಫಿಲ್ಟರ್ ಅವಧಿ, ಅಂದರೆ ನೀರು ಸೋಸಲು ಪಂಪ್ ತಾನಾಗಿ ಓಡುವ ಹೊತ್ತು, ದಿನಕ್ಕೆ 12 ಗಂಟೆಗೆ ಇಟ್ಟಿರುವುದು ಈಗ ಗಮನಕ್ಕೆ ಬಂತು.

ಓಮ್‌ನಿಯಮ:

ಹಾಗಾದರೆ ರಿಲೇ ನಿರಪರಾಧಿ. ಹನ್ನೆರಡು ಗಂಟೆಯಲ್ಲಿ ನಾಲ್ಕೂವರೆ ಡಿಗ್ರಿ ಸೇರುತ್ತಿದೆ. ಹೊರಗೆ 100 ಡಿಗ್ರಿ ಬಿಸಿಲಿರುವಾಗ ಅದು ಹೊರಟುಹೋಗಲು ದಾರಿಯಿಲ್ಲ. ಚಳಿಗೆಂದು ಟಬ್ಬಿನ ಹೊಟ್ಟೆಗೆ ತುಂಬಿದ ಫೋಮ್ ನಿಮ್ಮೂರಿನಲ್ಲಿ ಕಂಬಳಿ ಹೊದ್ದು ಬಿಸಿಲಿಗೆ ಕೂತಂತೆ. ಫಿಲ್ಟರ್ ಅವಧಿಯನ್ನು ಎರಡೆರಡು ಗಂಟೆಯ ಎರಡು ಸರದಿಗೆ ಇಳಿಸಿ, ಎರಡೂ ಬೆಳಗಾಗುವ ಮುನ್ನ ಬರುವಂತೆ ಹೊಂದಿಸಿ. ರಾತ್ರಿ ನೀವು ಹತ್ತಿರವಿರುವ ಒಂದೆರಡು ಗಂಟೆ ಮುಚ್ಚಳ ತೆಗೆದು, ಜೆಟ್ಟಿನ ಗಾಳಿ ತಿರುಪುಗಳನ್ನು ಪೂರ್ತಿ ತೆರೆಯಿರಿ. ನೀರು ಆವಿಯಾಗುವುದರಲ್ಲೇ ಬಹಳಷ್ಟು ಬಿಸಿ ಹೋಗುತ್ತದೆ. ನೀರು ಕಡಿಮೆ ಹೊತ್ತು ಆಡುವುದರಿಂದ ಕ್ಲೋರಿನ್ ಮಟ್ಟವನ್ನು ಮಾತ್ರ ದಿನವೂ ಪರೀಕ್ಷಿಸಬೇಕಾಗುತ್ತದೆ.

ಬಿಸಿಲೂರು (ಒಂದು ವಾರದ ನಂತರ):

ಇಂದು ಬೆಳಗ್ಗೆ 99. ಮಧ್ಯಾಹ್ನ 101 ದಾಟಲಿಲ್ಲ.

ಚಳಿನಾಡಿಗ:

ಈ ಚರ್ಚೆ ಮತ್ತೆ ಮೇಲೆ ಬಂದದ್ದರಿಂದ ಹೇಳುತ್ತಿದ್ದೇನೆ: ಅತ್ತೆ ಮಾವ ಈ ದೀಪಾವಳಿಗೂ ಬರುತ್ತಿದ್ದಾರೆ. ಎರಡನೆಯ ಫಿಲ್ಟರೊಂದನ್ನು ತಂದಿಟ್ಟಿದ್ದೇನೆ. ಎಣ್ಣೆ ಸ್ನಾನಕ್ಕೆ ಮೇಲಿನ ಬಚ್ಚಲು ಎಂದು ಮನೆಯಾಕೆ ಈಗಲೇ ಫೋನಿನಲ್ಲಿ ತಿಳಿಸಿಬಿಟ್ಟಿದ್ದಾಳೆ.